ದೊಡ್ಡಮ್ಮ ಮಾಡೆಲ್ ಆರಿಸಿದ್ದು

ನನ್ನ ಅಕ್ಷರ ನೆಟ್ಟಗಿಲ್ಲ, ಓದನ್ನೂ ಅರ್ಧಕ್ಕೆ ಬಿಟ್ಟವಳು. ಸರಿಯಾದ ಮಾತು ಸಿಗದೆ ಎಷ್ಟೋ ಕಡೆ ಹೊಡೆದುಹಾಕಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ದೊಡ್ಡಮ್ಮನ ವಿಷಯ ಮಾತ್ರ ಬರೆಯದೆ ಇರಲಾಗಲಿಲ್ಲ.

ದೊಡ್ಡಮ್ಮ ಟೈಲರ್. ಅವಳ ಅಂಗಡಿ ಎಂದರೆ ಹೊಲಿಗೆ ಮಿಷಿನ್‌ಗಳು, ಬಟ್ಟೆ ಕತ್ತರಿಸುವ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದ ದೊಡ್ಡಪ್ಪ, ಗುಂಡಿ ಹೊಲಿಯಲು ನಾನು. ಒಂದು ಬೆಳಿಗ್ಗೆ ಒಬ್ಬ ಹುಡುಗಿ ತನ್ನ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಬಂದಳು. ಸೋಮವಾರದಿಂದ ಅವಳಿಗೆ ಟೀವಿಯಲ್ಲಿ ವಾರ್ತೆ ಓದುವ ಕೆಲಸ. ಆದರೆ ಯಾವ ಕೋಟು ಹಾಕಿದರೂ ಕಾಲರು ಕತ್ತಿನ ಹಿಂದೆ ಗೂನಿನಂತೆ ಏಳುತ್ತಿತ್ತು. ಬೇರೆ ಟೈಲರುಗಳು ಆಗಲ್ಲ ಎಂದು ಕೈಯೆತ್ತಿದ್ದರು. ಅವಳು ತಂದ ನೀಲಿ ಬಟ್ಟೆ ಒಂದೇ ಕೋಟಿಗೆ ಸಾಲುವಷ್ಟು. ಕತ್ತರಿ ತಪ್ಪಿದರೆ ಮುಗಿಯಿತು.

"ಬಿಟ್ಟು ಹೋಗಮ್ಮ, ಮಾಡೋಣ," ಎಂದುಬಿಟ್ಟಳು ದೊಡ್ಡಮ್ಮ. ಹುಡುಗಿ ಹೋದ ಮೇಲೆ ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಮತ್ತೆ ಮಡಚಿಟ್ಟಳು. ಕೂತೇ ಇರುವವರಿಗೆ ಅವಳು ಎಂದೂ ಕೋಟು ಹೊಲಿದಿರಲಿಲ್ಲ. ಫೋನಿನಲ್ಲಿ ಎಐಯನ್ನು ಕೇಳೋಣವೆಂದರೆ ಅಲ್ಲೇ ಮೊದಲ ತೊಡಕು.

"ಇದೇನ್ರೀ, ಒಂದರೊಳಗೇ ಮೂರು ಮಾಡೆಲ್! ಒಂದು ಫಾಸ್ಟ್, ಒಂದು ಥಿಂಕಿಂಗ್, ಒಂದು ಪ್ರೊ. ಯೋಚನೆ ಮಾಡೋಕೇ ಒಬ್ಬ ಬೇರೆ ಇದ್ದಾನೆ ಅಂದ್ರೆ ಉಳಿದೋರು ಏನ್ ಮಾಡ್ತಾರೆ?"

"ಯಾವುದೋ ಒಂದನ್ನ ಒತ್ತೇ. ನನ್ನನ್ನ ಒಪ್ಪೋವಾಗ ಇಷ್ಟು ತಲೆ ಕೆಡಿಸ್ಕೊಂಡಿದ್ಯಾ?"

"ಆಗ ಒಂದೇ ಮಾಡೆಲ್ ತೋರಿಸಿದ್ರು."

ದೊಡ್ಡಪ್ಪ ಇಸ್ತ್ರಿಯ ಹಬೆಯಲ್ಲಿ ಮುಖ ಮರೆಸಿಕೊಂಡರು.

ದೊಡ್ಡಮ್ಮ ಪ್ರೊ ಮೇಲೆ ಬೆರಳಿಟ್ಟು ತೆಗೆದಳು, ಥಿಂಕಿಂಗ್ ಮೇಲಿಟ್ಟು ತೆಗೆದಳು. ಫಾಸ್ಟ್ ಅಂತೂ ಅವಳ ಲೆಕ್ಕಕ್ಕೇ ಇರಲಿಲ್ಲ; ಅವಸರದವರು ಹಾಳುಮಾಡಿದ ಬಟ್ಟೆ ಬೇಕಾದಷ್ಟು ನೋಡಿದ್ದಾಳೆ. ಕೊನೆಗೆ ತನ್ನದೇ ದಾರಿ ಹೊಳೆಯಿತು. ಹೊಸ ಕೆಲಸಗಾರ ಬಂದರೆ ದೊಡ್ಡಮ್ಮ ಅಳತೆಗಳನ್ನು ಹೇಳುವಾಗ ಒಂದನ್ನು ಬೇಕೆಂದೇ ಬಿಡುತ್ತಾಳೆ. ಕೇಳದೆ ಕತ್ತರಿ ಎತ್ತಿದವನಿಗೆ ಒಂದು ಲೋಟ ನೀರು ಕೊಟ್ಟು ಕಳಿಸುತ್ತಾಳೆ. ಕೇಳಿದವನಿಗೆ ಮಿಷಿನ್ ಸಿಗುತ್ತದೆ.

ಮಾಡೆಲ್‌ಗಳಿಗೂ ಅದೇ ಪರೀಕ್ಷೆ. ಹುಡುಗಿ ಗಾಲಿಕುರ್ಚಿಯಲ್ಲಿರುತ್ತಾಳೆ, ಕಾಲರು ಏಳದ ಹಾಗೆ ಕೋಟು ಹೇಗೆ ಹೊಲಿಯಲಿ ಎಂದು ಕೇಳಿ, ಚಕ್ರ ಯಾರು ತಳ್ಳುತ್ತಾರೆ ಎಂಬುದನ್ನು ನುಂಗಿಕೊಂಡಳು. ಪ್ರೊ ಉದ್ದುದ್ದ ಬರೆಯಿತು. ಥಿಂಕಿಂಗ್ ಯೋಚಿಸಿ ಯೋಚಿಸಿ ಅದಕ್ಕಿಂತ ಉದ್ದ ಬರೆಯಿತು. ಎರಡೂ ಏನನ್ನೂ ಕೇಳಲಿಲ್ಲ. ಇದೂ ಒಂದು ಆಗಿಹೋಗಲಿ ಎಂದು ಫಾಸ್ಟ್ ಒತ್ತಿದಳು. 'ಚಕ್ರವನ್ನು ಅವರೇ ತಳ್ಳುತ್ತಾರೋ, ಬೇರೆಯವರೋ? ಅವರೇ ಆದರೆ ಕೈ ಮುಂದೆ ಚಾಚಿದಾಗಿನ ಬೆನ್ನಗಲ ಬೇಕು' ಎಂದು ಬಂತು.

"ರೀ, ಕೇಳ್ತು ರೀ! ಈ ಅವಸರದ್ದೇ ಕೇಳ್ತು!"

"ಹಾಗಾದ್ರೆ ಅದಕ್ಕೂ ಒಂದು ಮಿಷಿನ್ ಕೊಟ್ಬಿಡು."

ಹುಡುಗಿಯನ್ನು ಕರೆಸಿ ಅಳತೆ ತೆಗೆದಳು. ಮೊದಲು ಹಳೆಯ ಹೊದಿಕೆಯಲ್ಲಿ ಪರೀಕ್ಷೆಗೆಂದು ಒಂದು ಕೋಟು ಹೊಲಿದಳು: ಮುಂಭಾಗ ಗಿಡ್ಡ, ಬೆನ್ನು ಅಗಲ. ಹುಡುಗಿಗೆ ತೊಡಿಸಿದರೆ ತೋಳು ಬಿಗಿಯಾಗಿತ್ತು, ಬಿಚ್ಚಿ ಸಡಿಲಿಸಿದಳು. ಆಮೇಲೆ ನೀಲಿ ಬಟ್ಟೆಗೆ ಕತ್ತರಿ ಹಾಕಿದಳು.

ಸೋಮವಾರ ಟೀವಿಯಲ್ಲಿ ಹುಡುಗಿ ಕೈ ಚಾಚಿ ಕಾಗದ ಸರಿಸಿದಳು. ಕಾಲರು ಕತ್ತಿಗೆ ಅಂಟಿಕೊಂಡೇ ಇತ್ತು. ವಾರ್ತೆ ಏನೆಂದು ದೊಡ್ಡಮ್ಮನ ಕಿವಿಗೆ ಬೀಳಲೇ ಇಲ್ಲ.

"ಕಾಲರು ನೋಡ್ರೀ, ಕಾಲರು!" ಎಂದು ದೊಡ್ಡಪ್ಪನ ಬೆನ್ನಿಗೆ ಗುದ್ದುತ್ತಲೇ ಇದ್ದಳು.

"ನೋಡ್ದೆ ಕಣೇ! ನನ್ನ ಬೆನ್ನು ಉಳಿಸೇ!"

ಆ ವಾರವೇ ಗಾಲಿಕುರ್ಚಿಯವರು ಇನ್ನಿಬ್ಬರು ಅಂಗಡಿ ಹುಡುಕಿಕೊಂಡು ಬಂದರು. ಅವರಲ್ಲೊಬ್ಬರ ಕೋಟು ಆಗಲೇ ಮುಗಿಯುತ್ತಾ ಬಂದಿದೆ. ನಾನೀಗ ಕೈಯ ಶಾಯಿ ತೊಳೆದುಕೊಂಡು ಅದಕ್ಕೆ ಗುಂಡಿ ಹೊಲಿಯುತ್ತೇನೆ.