ಮೇಜಿನ ಅಂಚಿನ ಜಾಡಿ

ನಮ್ಮ ಮಾವನವರಿಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ಪಿಂಗಾಣಿ ಅಂಗಡಿ ಇಟ್ಟವರಿಗೆ ಅಷ್ಟು ಕೋಪ ಒಳ್ಳೆಯದಲ್ಲ, ಆದರೆ ಇತ್ತು. ಗಿರಾಕಿ ಒಂದು ಬಟ್ಟಲು ಎತ್ತಿ ನೋಡಿದರೆ ಸಾಕು, ಇವರ ಎರಡೂ ಕೈ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದವು. ನಾನು ಸೊಸೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯಲ್ಲಿ ಲೋಟವೊಂದು ಕೈಜಾರಿ ಬಿತ್ತು. ಸದ್ದು ಕೇಳಿದ್ದೇ ಮಾವ ಮನೆ ಮುಂದಿನ ಅಂಗಡಿಯಿಂದ ಓಡಿಬಂದು, ಅದು ಸ್ಟೀಲಿನದೆಂದು ನೋಡಿಯೂ, ಗದರಿಯೇ ಹೋದರು. ಅಷ್ಟು ದೂರ ಓಡಿಬಂದದ್ದು ದಂಡವಾಗಬಾರದಲ್ಲ.

ಇಂಥವರು ವರ್ಷಕ್ಕೊಮ್ಮೆ ಸಂತರಾಗುತ್ತಿದ್ದರು. ನಮ್ಮ ಬೀದಿಯ ಭಜನಾ ಮಂಡಳಿ ಪ್ರತಿವರ್ಷ ಆಡುವುದು ಒಂದೇ ನಾಟಕ, ಹಿಂದೆ ಎಂದೋ ಬದುಕಿದ್ದ ಒಬ್ಬ ಕುಂಬಾರ ಸಂತರ ಕಥೆ. ಸಂತರು ದೇವರ ಹಾಡು ಹಾಡುತ್ತಾ ಮಡಕೆ ಮಾಡುತ್ತಾರೆ. ಪಕ್ಕದ ಮನೆಯವನಿಗೆ ಆ ಹಾಡು ಕೇಳಿದರೆ ಮೈಯೆಲ್ಲ ಉರಿ. ದಿನಾ ಬಂದು ಒಂದು ಮಡಕೆ ಒಡೆದು ಹೋಗುತ್ತಾನೆ. ಸಂತರು ನಗುತ್ತಾರೆ. ಒಂದು ದಿನ ಅವನು ಬರುವುದೇ ಇಲ್ಲ. ಸಂತರಿಗೆ ಕಳವಳವಾಗಿ, ಹೊಸ ಮಡಕೆಯೊಂದನ್ನು ಎತ್ತಿಕೊಂಡು ಅವನ ಮನೆಗೇ ಹೋಗಿ, "ಯಾಕಪ್ಪಾ, ಮೈ ಹುಷಾರಿಲ್ವಾ? ಇವತ್ತಿನ ಪಾಲು ಹಾಗೇ ಉಳಿದಿದೆ" ಅನ್ನುತ್ತಾರೆ. ಅವನು ಕಾಲಿಗೆ ಬೀಳುತ್ತಾನೆ. ಅಲ್ಲಿಗೆ ಮಂಗಳ.

ಸಂತರ ಪಾತ್ರ ಮಾವನಿಗೆ ಸಿಕ್ಕಿದ್ದು ಕಂಠ ಚೆನ್ನಾಗಿತ್ತು ಎಂದು. ಬಿರುಕು ಬಿಟ್ಟ ಮಡಕೆಗಳನ್ನು ಬಿಟ್ಟಿಯಾಗಿ ಕೊಡುವವರು ಬೇರೆ ಯಾರೂ ಇರಲಿಲ್ಲ ಎಂದು ಅತ್ತೆ ಹೇಳುತ್ತಾರೆ. ಮಂಡಳಿಯ ಕಾರ್ಯದರ್ಶಿಗೆ ಮಾತ್ರ ಒಂದು ಕೊರಗು. "ಹಾಡು ಚೆನ್ನಾಗಿದೆ ಸ್ವಾಮಿ. ನಗೋವಾಗ ಮಾತ್ರ ಹಲ್ಲುನೋವು ಬಂದೋರ ಥರ ಕಾಣ್ತೀರಿ."

ಮಡಕೆ ಒಡೆಯುವವನ ಪಾತ್ರ ಅತ್ತೆಯ ತಮ್ಮನದು. ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಅವರನ್ನು ನಾನು ಟೈಲರ್ ಮಾವ ಅನ್ನುತ್ತಿದ್ದೆ. ದಿನಾ ಬೆಳಿಗ್ಗೆ ನಮ್ಮ ಮನೆಗೆ ಬಂದು ಕಾಫಿ ಕುಡಿದು, ಮಾವನ ಜೊತೆ ಪೇಪರ್ ಹಂಚಿಕೊಂಡು ಓದುತ್ತಿದ್ದರು. ಮಾವನಿಗೆ ಸ್ನೇಹಿತ ಅಂತ ಇದ್ದದ್ದು ಅವರೊಬ್ಬರೇ. ಆ ಸಿಡುಕಿನ ಪಕ್ಕದಲ್ಲಿ ಇನ್ಯಾರು ಕೂತಾರು?

ಒಂದು ವರ್ಷ ಮಾವ ನಾಟಕದ ಹಾಲಿಗೆ ಎರಡು ಬುಟ್ಟಿ ಹೊತ್ತು ತಂದರು. ಒಂದರಲ್ಲಿ ಒಡೆಯುವ ಮಡಕೆ. ಇನ್ನೊಂದರಲ್ಲಿ, ನಾಟಕ ಮುಗಿದ ಮೇಲೆ ಗಿರಾಕಿಯ ಮನೆಗೆ ಮುಟ್ಟಿಸಬೇಕಿದ್ದ ಹೊಳಪಿನ ಬಟ್ಟಲುಗಳು. ಎರಡನ್ನೂ ಪರದೆಯ ಹಿಂದೆ ಅಕ್ಕಪಕ್ಕ ಇಟ್ಟರು. ಜನರ ಚಪ್ಪಾಳೆಗೆ ಟೈಲರ್ ಮಾವನಿಗೆ ಎಲ್ಲಿಲ್ಲದ ಹುರುಪು ಬಂತು. ಮೊದಲ ಬುಟ್ಟಿ ಖಾಲಿಯಾದದ್ದೇ ಎರಡನೆಯದಕ್ಕೆ ಕೈ ಹಾಕಿ, ಒಂದು ಬಟ್ಟಲು ತಂದು ಕುಕ್ಕಿದರು. ಮಾವ ಆಗಷ್ಟೇ "ಒಡೆದದ್ದು ಮಣ್ಣು, ಮನಸ್ಸಲ್ಲ" ಎಂದು ಹಾಡಿ ಮುಗಿಸಿದ್ದರು. ಬಟ್ಟಲಿನ ಚೂರು ನೋಡಿದರು. ಎದ್ದು ಬಂದು ಪಟಾರನೆ ಕೆನ್ನೆಗೆ ಬಾರಿಸಿದರು. ಜನ ಇದು ಹೊಸ ದೃಶ್ಯವೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು.

"ಇನ್ನು ಆ ಹೊಸಿಲು ತುಳಿಯಲ್ಲ" ಎಂದು ಹೇಳಿ ಹೋದ ಟೈಲರ್ ಮಾವ ಬರಲೇ ಇಲ್ಲ. ನಮ್ಮ ಮಾವನದು ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಕುಲ. "ತಪ್ಪು ಬುಟ್ಟಿಗೆ ಕೈ ಹಾಕಿದೋನು ಅವನು, ಅವನೇ ಬರ್ಲಿ" ಎಂದರು. ಅತ್ತೆ ಜಗಳವಾಡಲಿಲ್ಲ. ಎಂದಿನಂತೆ ಎರಡು ಲೋಟ ಕಾಫಿ ತಂದು, ತಮ್ಮನದನ್ನು ಗಂಡನ ಎದುರಿಗೇ ಇಟ್ಟು ಹೋಗುತ್ತಿದ್ದರು. ಅದು ಅಲ್ಲೇ ಆರಿ ಕೆನೆಗಟ್ಟುತ್ತಿತ್ತು. ಒಮ್ಮೆ ಮಾತ್ರ ಬಾಯಿ ಬಿಟ್ಟರು.

"ಬಟ್ಟಲು ನಿಮ್ಮ ಅಂಗಡೀಲಿ ಬೇಕಾದಷ್ಟು ಸಿಗುತ್ತೆ. ನಂಗೆ ತಮ್ಮ ಎಲ್ಲಿ ಸಿಗ್ತಾನೆ ಹೇಳಿ."

ಮಾವ ಆ ಕೆನೆಗಟ್ಟಿದ ಕಾಫಿಯನ್ನು ನೋಡಿದರು. ಆಮೇಲೆ ಎದ್ದು ಅಂಗಡಿಯ ಗಾಜಿನ ಬೀರು ತೆಗೆದು, ನೀಲಿ ಜಾಡಿಯನ್ನು ಹೊರಗೆ ತೆಗೆದರು. ಅವರಪ್ಪ ಅಂಗಡಿ ತೆರೆದ ದಿನ ಇಟ್ಟದ್ದು ಅದು. ಮಾರಾಟಕ್ಕಲ್ಲ, ಮುಟ್ಟುವುದಕ್ಕೂ ಅಲ್ಲ. ಅದನ್ನು ಎದೆಗವಚಿಕೊಂಡು ಬೀದಿಗಿಳಿದರು. "ಹಿಂದೇ ಹೋಗಮ್ಮ" ಎಂದು ಅತ್ತೆ ನನ್ನನ್ನು ಅಟ್ಟಿದರು. ಹೇಳದಿದ್ದರೂ ಹೋಗುತ್ತಿದ್ದೆ.

ಟೈಲರ್ ಮಾವ ಹೊಲಿಗೆಯಿಂದ ತಲೆ ಎತ್ತಲಿಲ್ಲ.

"ಇವತ್ತಿನ ಪಾಲು ಉಳಿದಿದೆ ಕಣೋ" ಅಂದರು ಮಾವ. ದನಿ ಹಾಡುವವರದಾಗಿರಲಿಲ್ಲ. "ತಗೋ, ಒಡಿ."

ಟೈಲರ್ ಮಾವ ಜಾಡಿಯನ್ನು ತಿರುಗಿಸಿ ನೋಡಿ, ಎದ್ದು ನಿಂತು, ತಲೆಯ ಮೇಲಕ್ಕೆ ಎತ್ತಿದರು. ಮಾವ ನಿಂತಲ್ಲಿಂದ ಅಲುಗಲಿಲ್ಲ. ಆದರೆ ಅವರ ಎರಡು ಕೈ ಅವರಿಗೇ ಗೊತ್ತಿಲ್ಲದಂತೆ ಜಾಡಿಯ ಕೆಳಗೆ ಹೋಗಿ ನಿಂತಿದ್ದವು. ಟೈಲರ್ ಮಾವ ಆ ಕೈಗಳನ್ನು ನೋಡಿ ಕಿಸಕ್ಕನೆ ನಕ್ಕರು. ಮಾವ ತಮ್ಮ ಕೈಗಳನ್ನು ತಾವೇ ನೋಡಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕಾರ್ಯದರ್ಶಿಗೆ ಆ ನಗು ನೋಡುವ ಯೋಗ ಇರಲಿಲ್ಲ.

"ಇವತ್ತು ಪುರುಸೊತ್ತಿಲ್ಲ ಭಾವ. ಇಟ್ಟು ಹೋಗಿ, ನಾಳೆ ಒಡೀತೀನಿ."

ಮರುದಿನದಿಂದ ಕಾಫಿ ಆರಲಿಲ್ಲ. ಜಾಡಿ ಮಾತ್ರ ಅಲ್ಲೇ ಉಳಿಯಿತು. ಟೈಲರ್ ಮಾವ ಅದಕ್ಕೆ ಗುಂಡಿಗಳನ್ನು ತುಂಬಿ ಮೇಜಿನ ತೀರಾ ಅಂಚಿಗೆ ಇಟ್ಟರು. ಹೊಲಿಗೆ ಮಷಿನ್ ಓಡಿದರೆ ಅದು ಗಡಗಡ ಅನ್ನುತ್ತಿತ್ತು. ಮಾವ ದಿನಾ ಸಂಜೆ ಹೋಗಿ, "ಒಡೆದಿಲ್ವಾ ಇನ್ನೂ?" ಎಂದು ಕೇಳಿ, ಅದನ್ನು ಗೇಣುದ್ದ ಒಳಕ್ಕೆ ತಳ್ಳಿ ಬರುತ್ತಿದ್ದರು. "ನಾಳೆ, ಭಾವ." ಇವರು ಬೆನ್ನು ತಿರುಗಿಸಿದ್ದೇ ತಡ, ಜಾಡಿ ಮತ್ತೆ ಅಂಚಿಗೆ. ಮಾವ ಬದುಕಿರುವವರೆಗೂ ಇದೇ ನಡೆಯಿತು. ನಾಟಕದಲ್ಲಿ ಮಾವ ಮತ್ತೆ ಸಂತರಾದರು, ಕೋಪವೂ ಹಾಗೇ ಇತ್ತು. ಸಂತರ ಪಾತ್ರ ಮಾಡಿದ ಮಾತ್ರಕ್ಕೆ ಹುಟ್ಟುಗುಣ ಹೋಗುತ್ತದೆಯೇ?

ಮಾವ ಹೋದ ಮೇಲೆ ಮನೆ ಬಿಕೋ ಅನ್ನತೊಡಗಿತು. ಲೋಟ ಬಿದ್ದರೆ ಓಡಿಬರುವವರಿಲ್ಲ ಅನ್ನುವುದಕ್ಕೇ ನನಗೆ ಅಳು ಬರುತ್ತಿತ್ತು. ಒಂದು ಸಂಜೆ ಮಗನ ಅಂಗಿ ಹೊಲಿಸಲು ಹೋದೆ. ಜಾಡಿ ಅಂಚಿನಲ್ಲೇ ಇತ್ತು, ಮೊದಲಿಗಿಂತ ಇನ್ನಷ್ಟು ಹೊರಕ್ಕೆ. ನೋಡುತ್ತಾ ನಿಲ್ಲಲಾಗಲಿಲ್ಲ, ಒಳಕ್ಕೆ ತಳ್ಳಿದೆ.

"ಒಡೆದಿಲ್ವಾ ಇನ್ನೂ?" ಎಂದು ಕೇಳಿದೆ.

ಮಷಿನ್ ನಿಂತಿತು. ಟೈಲರ್ ಮಾವ ಕನ್ನಡಕ ತೆಗೆದು ಒರೆಸಿಕೊಂಡರು.

"ನಾಳೆ ಕಣಮ್ಮ" ಎಂದರು.

ಮರುದಿನ ಇಣುಕಿದರೆ ಮತ್ತೆ ಅಂಚಿನಲ್ಲಿ. ಮನೆಯಲ್ಲಿ ಬೆಟ್ಟದಷ್ಟು ಕೆಲಸವಿದೆ, ಈಗ ದಿನಾ ಸಂಜೆ ನಾನೇ ಹೋಗಬೇಕಾಗಿದೆ.