ಹೆರಿಗೆ ವಾರ್ಡಿನ ಸಿಸ್ಟರ್ ಮತ್ತು ಹೊಸ ಪೆಟ್ಟಿಗೆ

2024ರ ಬೇಸಿಗೆ. ಬಾನ್ ನಗರದ ಒಂದು ಸಣ್ಣ ಅಪೊಥೇಕೆಯಲ್ಲಿ, ಅಂದರೆ ಔಷಧದಂಗಡಿಯಲ್ಲಿ, ನಾನು ಸಂಬಳಕ್ಕಿದ್ದ ಫಾರ್ಮಸಿಸ್ಟ್. ಕುಂದಾಪುರದಿಂದ ಬಂದು, ಜರ್ಮನ್ ಕಲಿತು, ಊರಿನ ಬಿ.ಫಾರ್ಮಾ ಇಲ್ಲಿ ಸಾಲದೆಂದು ಮತ್ತೊಮ್ಮೆ ಪರೀಕ್ಷೆ ಕೊಟ್ಟು, ಬಿಳಿ ಕೋಟು ತೊಡುವಷ್ಟರಲ್ಲಿ ತಲೆಗೂದಲು ಅರ್ಧ ಉದುರಿತ್ತು. ಒಂದು ಕಡೆ ಸುಮ್ಮನೆ ನಿಲ್ಲುವ ಸ್ವಭಾವ ನನ್ನದಲ್ಲ. ಗಿರಾಕಿಗಳಿಲ್ಲದಾಗಲೂ ಯಾವುದಾದರೊಂದು ಡ್ರಾಯರ್ ಎಳೆಯುತ್ತ ಮುಚ್ಚುತ್ತ ಇರುವವನು. ಆ ಬೇಸಿಗೆಯಲ್ಲಂತೂ ನನ್ನ ಚಡಪಡಿಕೆಗೆ ಒಳ್ಳೆಯ ಕಾರಣಗಳೇ ಇದ್ದವು.

ಕಾರಣ ತಿಳಿಯಬೇಕಾದರೆ ಇಲ್ಲಿಯ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು. ಜರ್ಮನಿಯಲ್ಲಿ ದೊಡ್ಡ ಕಂಪನಿಗಳು ಔಷಧದಂಗಡಿಗಳ ಸರಣಿ ತೆರೆಯುವಂತಿಲ್ಲ. ಅಂಗಡಿಯ ಮಾಲೀಕರು ಸ್ವತಃ ಫಾರ್ಮಸಿಸ್ಟ್ ಆಗಿರಬೇಕು, ಮತ್ತು ಬಾಗಿಲು ತೆರೆದಿರುವಷ್ಟು ಹೊತ್ತೂ ಒಬ್ಬ ಫಾರ್ಮಸಿಸ್ಟ್ ಒಳಗೆ ಇರಲೇಬೇಕು. ನಮ್ಮ ಮಾಲೀಕರು ಫ್ರೌ ವೈಲರ್, ಅರವತ್ತರ ಹತ್ತಿರದ ಖಡಕ್ ಹೆಂಗಸು. ಅವರನ್ನು ಬಿಟ್ಟರೆ ನಾನು. ನಮ್ಮಿಬ್ಬರ ಕೈಕೆಳಗೆ ಸಬೀನೆ ಎಂಬ ತಾಂತ್ರಿಕ ಸಹಾಯಕಿ. ಇಷ್ಟೇ ನಮ್ಮ ಸೈನ್ಯ.

ಔಷಧದ ಬೆಲೆಯನ್ನು ಬಹುಪಾಲು ಕಟ್ಟುವವರು ರೋಗಿಗಳಲ್ಲ, ಸಾರ್ವಜನಿಕ ಆರೋಗ್ಯ ವಿಮಾ ಸಂಸ್ಥೆಗಳು. ಅವಕ್ಕೆ ಇಲ್ಲಿಯವರು ಕಾಸ್ಸೆ ಎನ್ನುತ್ತಾರೆ. ಒಂದೇ ಔಷಧವನ್ನು ಹತ್ತಾರು ಕಂಪನಿಗಳು ಜೆನೆರಿಕ್ ಆಗಿ ತಯಾರಿಸುತ್ತವಲ್ಲ, ಅವುಗಳಲ್ಲಿ ಯಾರು ಹೆಚ್ಚು ರಿಯಾಯಿತಿ ಕೊಡುತ್ತಾರೋ ಅವರೊಂದಿಗೆ ಕಾಸ್ಸೆ ಒಪ್ಪಂದ ಮಾಡಿಕೊಳ್ಳುತ್ತದೆ. ಆ ಕಾಸ್ಸೆಯ ರೋಗಿಗೆ ನಾವು ಆ ಕಂಪನಿಯದ್ದನ್ನೇ ಕೊಡಬೇಕು. ಒಪ್ಪಂದ ಬದಲಾದ ದಿನ ರೋಗಿಯ ಕೈಯಲ್ಲಿರುವ ಪೆಟ್ಟಿಗೆಯೂ ಬದಲಾಗುತ್ತದೆ. ಬೇರೆ ಹೆಸರು, ಬೇರೆ ಬಣ್ಣ, ಒಳಗಿರುವುದು ಅದೇ ಔಷಧ. ಬದಲಾವಣೆಯಿಂದ ಈ ರೋಗಿಗೆ ತೊಂದರೆ ಆದೀತು ಎಂದು ಫಾರ್ಮಸಿಸ್ಟಿಗೆ ಅನ್ನಿಸಿದರೆ ಕಾರಣ ಬರೆದು, ಒಂದು ಸಂಕೇತ ಸಂಖ್ಯೆ ಹಾಕಿ, ಹಳೆಯದನ್ನೇ ಕೊಡಲು ಅವಕಾಶವಿದೆ. ಆದರೆ ಕಾರಣ ಕಾಸ್ಸೆಯವರ ಮನಸ್ಸಿಗೆ ಬರದಿದ್ದರೆ ತಿಂಗಳುಗಳ ನಂತರ ಬಿಲ್ಲು ವಾಪಸ್ ಬರುತ್ತದೆ, ಕಡಿತ ಅಂಗಡಿಯ ತಲೆಗೆ. ಇದಕ್ಕೆ ನಮ್ಮ ವೃತ್ತಿಯಲ್ಲಿ ರೆಟಾಕ್ಸ್ ಎಂದು ಹೆಸರು.

ಆ ಬೇಸಿಗೆಯ ಆರಂಭದಲ್ಲಿ ನಮಗೆ ಅಂಥ ವಾಪಸಾತಿಗಳ ಒಂದು ಕಟ್ಟೇ ಬಂತು. ಅರ್ಧಕ್ಕಿಂತ ಹೆಚ್ಚು ಚೀಟಿಗಳಲ್ಲಿ ಕಾರಣ ಬರೆದವನು ನಾನು. ಫ್ರೌ ವೈಲರ್ ಕಟ್ಟನ್ನು ನನ್ನೆದುರು ಇಟ್ಟು ಹೇಳಿದ್ದು ಒಂದೇ ಮಾತು: "ಹೆರ್ ಶೆಟ್ಟಿ, ನಿಮಗೆ ಕರುಣೆ ಜಾಸ್ತಿ. ಇನ್ನು ಮುಂದೆ ನನ್ನನ್ನು ಕೇಳದೆ ಈ ಸಂಕೇತ ಹಾಕಬೇಡಿ." ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಅಂದಿನಿಂದ ಗಿರಾಕಿಗಳು ಎದುರಿಗೆ ನಿಂತರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಪರದೆಯ ಮೇಲೆ, ಯಾವ ಕಂಪನಿಯ ಸಾಲು ಹಸಿರಾಗಿದೆ, ಅಂದರೆ ಒಪ್ಪಂದ ಯಾರದ್ದು, ಎಂದು ನೋಡಲು.

ಲೀನಾ ಸಿಸ್ಟರ್ ಬಂದದ್ದು ಜುಲೈನಲ್ಲಿ, ಒಂದು ಶನಿವಾರ ಬೆಳಿಗ್ಗೆ. ಶಿರ್ವದ ಕಡೆಯವರು. ನಾನು ಹುಟ್ಟುವ ಮೊದಲೇ ನರ್ಸ್ ಆಗಿ ಜರ್ಮನಿಗೆ ಬಂದು, ಇಲ್ಲಿಯೇ ಕೆಲಸ ಮಾಡಿ ನಿವೃತ್ತರಾದವರು, ಗಂಡ ತೀರಿಕೊಂಡ ಮೇಲೆ ರೈನ್ ನದಿಯ ಆಚೆ ಬಾಯೆಲ್‌ನಲ್ಲಿ ಒಬ್ಬರೇ ಇದ್ದರು. ಅವರ ಮನೆಮಾತು ಕೊಂಕಣಿ, ನನಗೆ ಕೊಂಕಣಿ ಬಾರದು, ಹಾಗಾಗಿ ನಮ್ಮ ಮಾತು ಕನ್ನಡದಲ್ಲಿ. ಬಾನ್‌ನ ಕನ್ನಡಿಗರೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುವುದು. ಹುಡುಗರಿಗೆ ಜ್ವರ ಬಂದರೆ ಡಾಕ್ಟರಿಗಿಂತ ಮೊದಲು ಅವರಿಗೇ ಫೋನ್. ನಾನು ಹೊಸದಾಗಿ ಬಂದಾಗ ನನ್ನ ಜರ್ಮನ್ ತಿದ್ದಿದವರೂ ಅವರೇ.

ಈಗ ಚೀಟಿ ಕಾಗದದಲ್ಲಿ ಬರುವುದಿಲ್ಲ. ರೋಗಿ ವಿಮೆಯ ಕಾರ್ಡನ್ನು ಯಂತ್ರಕ್ಕೆ ತೂರಿಸಿದರೆ ಡಾಕ್ಟರ್ ಬರೆದದ್ದು ನಮ್ಮ ಪರದೆಯ ಮೇಲೆ ಕಾಣುತ್ತದೆ. ಏನು ಬರೆದಿದ್ದಾರೆ ಎಂದು ರೋಗಿಗೆ ಕಾಣುವುದಿಲ್ಲ. ಸಿಸ್ಟರ್ ಕಾರ್ಡಿನಲ್ಲಿ ಇದ್ದದ್ದು ಒಂದೇ ಔಷಧ, ಅವರು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದ ಬೈಸೊಪ್ರೊಲೋಲ್ ಹತ್ತು ಮಿಲಿಗ್ರಾಂ. ಹೃದಯದ ಬಡಿತವನ್ನು ನಿಧಾನಗೊಳಿಸಿ ರಕ್ತದೊತ್ತಡ ಇಳಿಸುವ ಮಾತ್ರೆ. ಹಿಂದಿನ ಒಪ್ಪಂದದ ಕಂಪನಿ ಇದನ್ನು ತನ್ನದೇ ಒಂದು ಪುಟ್ಟ ಹೆಸರಿನಲ್ಲಿ ಮಾರುತ್ತಿತ್ತು. ಹೊಸ ಒಪ್ಪಂದದ ಕಂಪನಿಯ ಪೆಟ್ಟಿಗೆಯ ಮೇಲೆ ಉದ್ದನೆಯ ರಾಸಾಯನಿಕ ಹೆಸರು. ಸಂಕೇತ ಹಾಕಿ ಹಳೆಯದನ್ನೇ ಕೊಡಲೇ ಎಂದು ಒಂದು ಕ್ಷಣ ಯೋಚಿಸಿದೆ. ವಾಪಸ್ ಬಂದ ಕಟ್ಟು ನೆನಪಾಯಿತು. ಹಸಿರು ಸಾಲನ್ನು ಒತ್ತಿದೆ.

ಸಿಸ್ಟರ್ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು. ಅದನ್ನು ನಾನು ಕಂಡೆ. ಬೇರೆ ಯಾರೇ ಆಗಿದ್ದರೂ ನಾನು ಬಾಯಿಪಾಠ ಒಪ್ಪಿಸುತ್ತಿದ್ದೆ: ಕಂಪನಿ ಬದಲಾಗಿದೆ, ಔಷಧ ಅದೇ, ಹಳೆಯದು ಮುಗಿದ ಮೇಲೆ ಇದನ್ನು ಶುರು ಮಾಡಿ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಆದರೆ ಎದುರಿಗಿದ್ದವರು ಸಿಸ್ಟರ್. ವಯಸ್ಸಿನಲ್ಲಿ ಅಮ್ಮನಿಗಿಂತ ದೊಡ್ಡವರು, ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ಕಳೆದವರು. ಅವರಿಗೆ ನಾನು ಮಾತ್ರೆ ನುಂಗುವುದನ್ನು ಹೇಳಿಕೊಡುವುದೇ? ಅಧಿಕಪ್ರಸಂಗ ಎನ್ನಿಸಿತು. "ಎಲ್ಲ ನಿಮಗೆ ಗೊತ್ತೇ ಉಂಟಲ್ಲ ಸಿಸ್ಟರ್" ಎಂದು ನಕ್ಕೆ. ಅವರೂ ನಕ್ಕು ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡರು.

ಹನ್ನೊಂದು ದಿನ ಕಳೆಯಿತು. ಬುಧವಾರ. ಇಲ್ಲಿ ಬುಧವಾರ ಮಧ್ಯಾಹ್ನದ ನಂತರ ಹೆಚ್ಚಿನ ಡಾಕ್ಟರುಗಳ ಕ್ಲಿನಿಕ್ ಮುಚ್ಚಿರುತ್ತದೆ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಿಸ್ಟರ್ ಹೋಗುವ ಕ್ಲಿನಿಕ್ಕಿನಿಂದ ಫೋನ್ ಬಂತು. ಅಲ್ಲಿಯ ಹುಡುಗಿ ಅವಸರದಲ್ಲಿದ್ದಳು.

"ಲೀನಾ ಅವರಿಗೆ ಡಾಕ್ಟರ್ ರಕ್ತದೊತ್ತಡಕ್ಕೆ ಇನ್ನೊಂದು ಹೊಸ ಮಾತ್ರೆ ಸೇರಿಸ್ತೇನೆ ಅಂದಿದ್ದರು. ಆ ಚೀಟಿಗೆ ಸಹಿ ಹಾಕೋದು ಮರೆತುಹೋಗಿತ್ತು, ಇವತ್ತು ಹಾಕಿದ್ದಾರೆ. ಅವರ ಫೋನ್ ಸಿಗ್ತಾ ಇಲ್ಲ. ಅಂಗಡಿಗೆ ಬಂದರೆ ಹೇಳಿಬಿಡಿ."

ಸರಿ ಎಂದು ಫೋನ್ ಇಟ್ಟೆ. ಇಟ್ಟ ಕೈ ಅಲ್ಲೇ ನಿಂತಿತು. ಡಾಕ್ಟರ್ ಹೊಸ ಮಾತ್ರೆ ಬರುತ್ತದೆ ಎಂದಿದ್ದಾರೆ. ಸಿಸ್ಟರ್ ಅದನ್ನು ನಿರೀಕ್ಷಿಸುತ್ತಲೇ ಅಂಗಡಿಗೆ ಬಂದಿದ್ದಾರೆ. ನಾನು ಕೊಟ್ಟದ್ದು ಅವರು ಎಂದೂ ಕಾಣದ ಹೆಸರಿನ ಪೆಟ್ಟಿಗೆ. ಅವರ ಮನೆಯಲ್ಲಿ ಹಳೆಯದು ಇನ್ನೂ ಅರ್ಧ ಪೆಟ್ಟಿಗೆಯಾದರೂ ಉಳಿದಿರಬೇಕು, ಏಕೆಂದರೆ ಅವರು ಯಾವಾಗಲೂ ಮುಗಿಯುವ ಮೊದಲೇ ಬರುವವರು. ಹೊಸ ಮಾತ್ರೆ ಎಂದು ತಿಳಿದು ಹಳೆಯದರ ಜೊತೆಗೆ ಇದನ್ನೂ ನುಂಗುತ್ತಿದ್ದರೆ? ದಿನಕ್ಕೆ ಇಪ್ಪತ್ತು ಮಿಲಿಗ್ರಾಂ, ಆ ವಯಸ್ಸಿನಲ್ಲಿ, ಹನ್ನೊಂದು ದಿನ.

ಸಿಸ್ಟರ್ ಮನೆಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಮೊಬೈಲ್ ಸ್ವಿಚ್ ಆಫ್. ಮತ್ತೆ ಮನೆಗೆ. ನಡುವೆ ಒಬ್ಬರಿಗೆ ಬಿಸಿಲಿನ ಕ್ರೀಮ್ ಬೇಕಿತ್ತು, ಇನ್ನೊಬ್ಬರ ಕೆಮ್ಮಿನ ಕತೆ ಮುಗಿಯುತ್ತಿರಲಿಲ್ಲ. ನಾನು ಒಂದು ಕಿವಿಗೆ ಫೋನ್ ಒತ್ತಿಕೊಂಡು, ಕೇಳದಿದ್ದ ಸಿರಪ್ಪನ್ನು ಎತ್ತಿ ಕೊಟ್ಟೆ. ಸಬೀನೆ ಅದನ್ನು ಅವರ ಕೈಯಿಂದ ವಾಪಸ್ ತೆಗೆದುಕೊಂಡು, ನನ್ನನ್ನು ಹಿಂದಿನ ಕೋಣೆಗೆ ಎಳೆದಳು.

"ಏನಾಯ್ತು ಅಂತ ನಿಂತು ಹೇಳಿ" ಎಂದಳು.

ಹೇಳಿದೆ. ಕ್ಲಿನಿಕ್ ಅಷ್ಟರಲ್ಲಿ ಮುಚ್ಚಿತ್ತು. ಆಂಬುಲೆನ್ಸಿಗೆ ಹೇಳೋಣವೆಂದರೆ ನನ್ನಲ್ಲಿ ಇದ್ದದ್ದು ಬರೀ ಊಹೆ. ನಾನೇ ಹೋಗೋಣವೆಂದರೆ ಫ್ರೌ ವೈಲರ್ ಕಲೋನ್‌ನಲ್ಲಿ ದಂತವೈದ್ಯರ ಬಳಿ ಇದ್ದರು, ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ತೆರೆದಿಡುವಂತಿಲ್ಲ, ನಿಗದಿತ ಹೊತ್ತಿನಲ್ಲಿ ಮುಚ್ಚುವಂತೆಯೂ ಇಲ್ಲ. ಕೋಣೆಯ ಉದ್ದಕ್ಕೂ ನಾಲ್ಕು ಹೆಜ್ಜೆ, ಮತ್ತೆ ನಾಲ್ಕು ಹೆಜ್ಜೆ. ಕೊನೆಗೆ ಫ್ರೌ ವೈಲರ್‌ಗೆ ಫೋನ್ ಮಾಡಿದೆ. ಅರ್ಧ ಬಾಯಿ ಮರಗಟ್ಟಿದ್ದ ಅವರ ಮಾತು ತೊದಲುತ್ತಿತ್ತು. ನಾನು ಸಂಕೇತದ ವಿಷಯ, ಕಟ್ಟಿನ ವಿಷಯ ಎಲ್ಲ ಸೇರಿಸಿ ವಿವರಿಸತೊಡಗಿದೆ. ಅವರು ನಡುವೆಯೇ ತಡೆದರು.

"ಬಾಗಿಲು ಹಾಕಿ, ಹೋಗಿ. ಕೇಳುವವರಿಗೆ ನಾನು ಉತ್ತರ ಕೊಡ್ತೇನೆ."

ಸಬೀನೆಯ ಸೈಕಲ್ ಹತ್ತಿ ಹೊರಟೆ. ಕೆನಡಿ ಸೇತುವೆಯ ಮೇಲೆ ಎದುರುಗಾಳಿ. ಸೇತುವೆ ದಾಟಿದ ಮೇಲೆ ಕೆಂಪು ದೀಪವಿದ್ದರೂ ನುಗ್ಗಿದೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಪಾದಚಾರಿಯೊಬ್ಬರು ಹಿಂದಿನಿಂದ ಬೈದರು. ಸಿಸ್ಟರ್ ಮನೆ ಎರಡನೆಯ ಮಹಡಿ. ಬೆಲ್ ಒತ್ತಿದೆ, ಉತ್ತರವಿಲ್ಲ. ಆ ಕಟ್ಟಡದ ಎಲ್ಲ ಬೆಲ್ಲುಗಳನ್ನೂ ಒತ್ತಿದೆ. ಯಾರೋ ಬಾಗಿಲು ತೆರೆದರು. ಮೆಟ್ಟಿಲು ಹತ್ತಿ ಅವರ ಬಾಗಿಲನ್ನು ಅಂಗೈಯಿಂದ ಬಡಿಯುತ್ತ "ಸಿಸ್ಟರ್, ನಾನು ಗಣೇಶ" ಎಂದು ಕೂಗಿದೆ. ಬಹಳ ಹೊತ್ತಿನ ಮೇಲೆ ಒಳಗೆ ಕಾಲು ಎಳೆಯುವ ಸದ್ದು ಕೇಳಿಸಿತು.

ಬಾಗಿಲು ತೆರೆದ ಸಿಸ್ಟರ್ ಗೋಡೆ ಹಿಡಿದುಕೊಂಡು ನಿಂತಿದ್ದರು. ಮುಖ ಬಿಳಿಚಿತ್ತು, ತುಟಿ ಮಾತ್ರ ನಗಲು ನೋಡಿತು.

"ಎಂತ ಗಣೇಶ, ಮನೆಗೇ ಮದ್ದು ತಂದು ಕೊಡ್ಲಿಕ್ಕೆ ಶುರು ಮಾಡಿದ್ಯಾ?"

ಕೂರಿಸಿ ನಾಡಿ ಹಿಡಿದೆ. ಎರಡು ಸಲ ಎಣಿಸಲು ಹೋದೆ, ಎರಡು ಸಲವೂ ಲೆಕ್ಕ ತಪ್ಪಿತು. ಅವರು ನನ್ನ ಕೈ ಸರಿಸಿ, ತಮ್ಮ ನಾಡಿಯ ಮೇಲೆ ತಾವೇ ಬೆರಳಿಟ್ಟು, ಗೋಡೆಯ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು.

"ಮೂವತ್ತೆಂಟು" ಎಂದರು. "ಮೂರು ದಿನದಿಂದ ಹೀಗೇ ಉಂಟು. ಹೊಸ ಮಾತ್ರೆ ಅಲ್ವಾ, ಒಗ್ಗಿಕೊಳ್ಲಿ ಅಂತ ಕಾದೆ."

ಮೇಜಿನ ಮೇಲೆ ವಾರದ ದಿನಗಳ ಹೆಸರಿದ್ದ ಮಾತ್ರೆಗಳ ಡಬ್ಬಿ ಇತ್ತು. ಗುರುವಾರದ ಗೂಡು ತೆರೆದೆ. ಹಳೆಯದೊಂದು, ಹೊಸದೊಂದು, ಅಕ್ಕಪಕ್ಕ ಕೂತಿದ್ದವು. ಆಂಬುಲೆನ್ಸಿಗೆ ಫೋನ್ ಮಾಡಿ ಔಷಧದ ಹೆಸರು, ಪ್ರಮಾಣ, ದಿನಗಳ ಸಂಖ್ಯೆ ಹೇಳಿದೆ. ಆಮೇಲೆ ಅವರ ಕಾಲ ಬಳಿ ನೆಲದ ಮೇಲೆ ಕೂತು, ಎರಡೂ ಒಂದೇ ಔಷಧ, ಅಂದು ಹೇಳಬೇಕಾದವನು ನಾನು, ಹೇಳಲಿಲ್ಲ ಎಂದೆ. ನೀವು ನರ್ಸ್ ಎಂದು ಸುಮ್ಮನಾದೆ ಎಂದೆ.

ಸಿಸ್ಟರ್ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ನಾನು ಹೆರಿಗೆ ವಾರ್ಡಿನವಳು ಮಾರಾಯ" ಎಂದರು. "ಎಷ್ಟು ಮಕ್ಕಳನ್ನು ಈ ಕೈಯಲ್ಲಿ ಎತ್ತಿದ್ದೇನೆ ಅಂತ ಬೇಕಾದ್ರೆ ಹೇಳ್ತೇನೆ. ಹೃದಯದ ಮಾತ್ರೆಗಳ ಹೆಸರು ನನಗೆಂತ ಗೊತ್ತು? ಆವತ್ತು ಕೇಳುವ ಅಂತಿದ್ದೆ. ನಿಮಗೆ ಗೊತ್ತೇ ಉಂಟಲ್ಲ ಅಂತ ನೀನು ನಕ್ಕೆ. ಮತ್ತೆ ಹೇಗೆ ಕೇಳುದು?"

ಆ ಮಾತು ಇವತ್ತಿಗೂ ನನ್ನನ್ನು ಕುಟುಕುತ್ತದೆ. ಹೇಳದೆ ಇದ್ದದ್ದು ಒಂದು ತಪ್ಪು. ಅವರು ಕೇಳುವ ದಾರಿಯನ್ನೂ ಮುಚ್ಚಿದ್ದು ಅದಕ್ಕಿಂತ ದೊಡ್ಡದು. ಅದೂ ಮರ್ಯಾದೆಯ ಹೆಸರಿನಲ್ಲಿ.

ಆಸ್ಪತ್ರೆಯಲ್ಲಿ ಮಾತ್ರೆ ನಿಲ್ಲಿಸಿ ಕೆಲವು ದಿನ ನಿಗಾದಲ್ಲಿಟ್ಟರು. ಬಡಿತ ನಿಧಾನಕ್ಕೆ ಮೇಲೆ ಬಂತು. ಆ ದಿನಗಳಲ್ಲಿ ನಾನು ಅಂಗಡಿಯಲ್ಲಿದ್ದೂ ಇರಲಿಲ್ಲ. ಫ್ರೌ ವೈಲರ್ ಬೈಯಲಿಲ್ಲ. ಸಂಕೇತದ ನಿಯಮವನ್ನು ತಾವೇ ಸಡಿಲಿಸಿ, ಸಿಸ್ಟರಿಗೆ ಇನ್ನು ಮುಂದೆ ಒಂದೇ ಕಂಪನಿಯದ್ದು ಹೋಗಲಿ, ಕಾರಣವನ್ನು ನೀವೇ ವಿವರವಾಗಿ ಬರೆಯಿರಿ ಎಂದರು. ಬರೆದೆವು. ಕಾಸ್ಸೆಯವರು ಮೊದಲನೆಯದನ್ನೇ ವಾಪಸ್ ಕಳಿಸಿದರು. ಫ್ರೌ ವೈಲರ್ ಆಕ್ಷೇಪಣೆ ಬರೆದರು, ಉತ್ತರ ಇನ್ನೂ ಬಂದಿಲ್ಲ. ವ್ಯವಸ್ಥೆಯನ್ನು ಬೈಯಲು ನನ್ನಲ್ಲಿ ಬೇಕಾದಷ್ಟು ಮಾತುಗಳಿವೆ, ಬೈಯುತ್ತಲೂ ಇರುತ್ತೇನೆ. ಆದರೆ ಆ ಶನಿವಾರ ನನ್ನ ಬಾಯಿಯನ್ನು ಕಾಸ್ಸೆಯವರು ಕಟ್ಟಿರಲಿಲ್ಲ. ಪೆಟ್ಟಿಗೆ ಬದಲಾದಾಗ ಎದುರಿಗಿರುವವರು ಪ್ರೊಫೆಸರ್ ಆಗಲಿ, ಡಾಕ್ಟರ್ ಆಗಲಿ, ಹೆತ್ತ ತಾಯಿಯೇ ಆಗಲಿ, ಹಳೆಯದರ ಜೊತೆ ಇದನ್ನು ನುಂಗಬೇಡಿ ಎಂದು ಬಾಯಿಬಿಟ್ಟು ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇದನ್ನು, ಕಲಿಸಿದ ರೀತಿ ಮಾತ್ರ ಕಠಿಣ.

ಆಗಸ್ಟಿನ ಒಂದು ಸೋಮವಾರ ಬೆಳಿಗ್ಗೆ, ಅಂಗಡಿ ತುಂಬಿದ್ದಾಗ ಸಿಸ್ಟರ್ ಬಂದರು. ಸ್ವಲ್ಪ ಇಳಿದುಹೋಗಿದ್ದರು, ನಡಿಗೆ ಮಾತ್ರ ಗಟ್ಟಿಯಾಗಿತ್ತು. ಸರದಿ ಬಂದಾಗ ಬಟ್ಟೆಯ ಚೀಲವನ್ನು ಕೌಂಟರಿನ ಮೇಲೆ ಬೋರಲು ಹಾಕಿ, ಮನೆಯಲ್ಲಿದ್ದ ಎಲ್ಲ ಪೆಟ್ಟಿಗೆಗಳನ್ನೂ ಸುರಿದರು. ಆಸ್ಪತ್ರೆಯವರು ಹೊಸದಾಗಿ ಬರೆದ ಮಾತ್ರೆ ಅವರ ಕಾರ್ಡಿನಲ್ಲಿತ್ತು. ನಾನು ಅದನ್ನು ತಂದಿಟ್ಟು, "ಸಿಸ್ಟರ್, ಇದು... ಅಂದ್ರೆ ನಿಮಗೆ ಆಸ್ಪತ್ರೆಯಲ್ಲಿ ಹೇಳಿರ್ತಾರೆ..." ಎಂದು ಶುರು ಮಾಡಿದೆ. ನಾಲಿಗೆ ಮತ್ತೆ ಅದೇ ಜಾಡಿಗೆ ಬಿದ್ದಿತ್ತು.

ಸಿಸ್ಟರ್ ಕೌಂಟರಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದರು.

"ಕನ್ನಡ ಬೇಡ. ಜರ್ಮನ್‌ನಲ್ಲಿ ಹೇಳು. ಕನ್ನಡದಲ್ಲಿ ನೀನು ನನಗೆ ಹೆದರ್ತಿ."

ಸರದಿಯಲ್ಲಿ ಅವರ ಹಿಂದೆ ನಿಂತಿದ್ದ ಮುದುಕರಿಗೆ ಹೇಗೆ ಹೇಳುತ್ತಿದ್ದೆನೋ ಹಾಗೆಯೇ, ಒಂದೊಂದೇ ಪೆಟ್ಟಿಗೆ ಎತ್ತಿ, ಯಾವುದು ಯಾವುದಕ್ಕೆ, ಯಾವುದರ ಜೊತೆ ಯಾವುದು ಕೂಡದು, ಯಾವುದನ್ನು ಇಂದೇ ಬಿಸಾಡಬೇಕು ಎಂದು ಜರ್ಮನ್‌ನಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸರದಿಯವರು ಕಾದರು. ಸಿಸ್ಟರ್ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಉತ್ತರ ನನಗೆ ಗೊತ್ತಿತ್ತು. ಆ ಶನಿವಾರವೂ ಗೊತ್ತಿತ್ತು.