ಶರಾವತಿಯ ಬಾಡಿಗೆ ಜರ್ಮನ್

ಜರ್ಮನ್ ಕಲಿಯಲು ಸಾಗರ ಪೇಟೆಯ ವಿಡಿಯೊ ಗೇಮ್ ಅಂಗಡಿಗೆ ಹೋದವಳು ಶರಾವತಿ ಒಬ್ಬಳೇ ಇರಬೇಕು. ಕಾಲೇಜು ಹುಡುಗರ ನಡುವೆ ನಲವತ್ತು ದಾಟಿದ ಟೈಲರಮ್ಮ, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ನಿಂತಿದ್ದಳು. "ಜರ್ಮನ್ ಮಾತಾಡೋ ಸಿನಿಮಾ ಬಾಡಿಗೆಗೆ ಸಿಗ್ತದಾ?" ಎಂದಳು. ಅಂಗಡಿಯ ಪೂರ್ಣೇಶ್, "ಯಾರಿಗಕ್ಕಾ?" ಎಂದ. "ನಂಗೇ." ನಗಲಿಲ್ಲ, ಪುಣ್ಯಾತ್ಮ. ಹಳೆಯ ಪೆಟ್ಟಿಗೆ ಕೆದಕಿ ಹೊರದೇಶದ ಡಿಸ್ಕುಗಳನ್ನೂ ಒಂದು ಗೇಮ್ ಮೆಷಿನ್ನನ್ನೂ ಕೊಟ್ಟು, ಭಾಷೆ ಬದಲಿಸುವುದು ಹೇಗೆಂದು ತೋರಿಸಿದ.

ಅವಳ ಅಕ್ಕ ಶ್ರೀಗೌರಿ ಜರ್ಮನಿಯ ಮಾರ್ಟಿನ್‌ನನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದಳು. ಹೋದ ವರ್ಷ ಕಾಯಿಲೆ ಬಿದ್ದು ತೀರಿಕೊಂಡಳು. ಅಕ್ಕನದೆಂದು ಉಳಿದದ್ದು ಏಳು ವರ್ಷದ ಮಗಳು ಲೀನಾ ಮಾತ್ರ. ಅವಳಿಗೋ ಕನ್ನಡ ಬಾರದು. ಭಾನುವಾರ ಫೋನಿನಲ್ಲಿ ಮಗು ಏನೋ ಹೇಳುತ್ತಿತ್ತು, ಇತ್ತ ಶರಾವತಿಯೂ ಅವಳ ಅಮ್ಮನೂ ಹೂಂ ಹೂಂ ಎನ್ನುತ್ತಿದ್ದರು. ಕೊನೆಗೆ ಮಾರ್ಟಿನ್ ಇಂಗ್ಲಿಷಿನಲ್ಲಿ ಬರೆದ: ನಿಮ್ಮ ಜೊತೆ ಮಾತಾಡಿದ ಮೇಲೆ ಲೀನಾ ಅಳುತ್ತಾಳೆ, ಫೋನು ನಿಲ್ಲಿಸುವುದೇ ಒಳ್ಳೆಯದೇನೋ. ದಸರೆಯವರೆಗೆ ಸಮಯ ಕೊಡಿ, ಮಾತು ಕಲಿಯುತ್ತೇನೆ ಎಂದು ಶರಾವತಿ ಅಂಗಲಾಚಿದಳು.

ಹೊಸನಗರದ ಕಡೆಯ ಅವಳ ಊರಿನಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲಿನ ಬಸ್ ತಂಗುದಾಣದಲ್ಲಿ ಮಾತ್ರ. ಅಲ್ಲಿ ನಿಂತು ಪಾಠ ಕಲಿಯಲಾದೀತೇ? ಮನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತ, ಟಿವಿಯ ಕೆಳಗೆ ಬರುವ ಇಂಗ್ಲಿಷ್ ಸಾಲಿನಲ್ಲಿ ಅರ್ಥ ಹುಡುಕುತ್ತ, ಅದು ಹೇಳಿದ್ದನ್ನೇ ಹೇಳಿದಳು. ಗೇಮಿನಲ್ಲಿ ಎಡಕ್ಕೆ ಎಂದರೆ ಬಲಕ್ಕೆ ಹೋಗಿ ಸತ್ತು, ಸತ್ತು ಸತ್ತೇ ಎಡಬಲ ಕಲಿತಳು. ಯಾರದೋ ರವಿಕೆಗೆ ತೋಳು ತಿರುಗುಮುರುಗಾಗಿ ಹೊಲಿದು ಬೈಸಿಕೊಂಡಳು. "ಎಂತದೇ ಇದು, ಗಂಟ್ಲು ಕಟ್ಟಿದವ್ರ ಹಂಗೆ?" ಎಂದು ಅಮ್ಮ ರೇಗುತ್ತಿದ್ದಳು.

ಒಂದು ಕಾರ್ಟೂನಿನಲ್ಲಿ ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿಯನ್ನು ಕತೆ ಹೇಳುವವನು 'ಎಸ್' ಎನ್ನುತ್ತಿದ್ದ. ಎಸ್ ಎಂದರೆ 'ಅದು'. ಶರಾವತಿ ಮತ್ತೆ ಮತ್ತೆ ಹಾಕಿ ಕೇಳಿದಳು. "ಅಮ್ಮಾ, ಅವ್ರೂ ಕೂಸಿಗೆ 'ಅದು' ಹೇಳ್ತ ನೋಡು!" ಊರೆಲ್ಲ 'ಅವಳು' ಎಂದರೆ, ಶರಾವತಿಯಂಥ ಹವ್ಯಕರ ಮನೆಯಲ್ಲಿ ಕೂಸು ಎನಿಸಿಕೊಳ್ಳುವ ಹುಡುಗಿ, ಅಕ್ಕ, ಅಜ್ಜಿ ಎಲ್ಲರೂ 'ಅದು'. ಬೈಗುಳವಲ್ಲ ಮಾರಾಯ್ರೇ, ಮನೆಮಾತೇ ಹಾಗೆ. ಪರಭಾಷೆಯಲ್ಲಿ ನೆಂಟರು ಸಿಕ್ಕಿದಂತಾಯಿತು ಅವಳಿಗೆ.

ದಸರೆಗೆ ಮೊದಲಿನ ಭಾನುವಾರ ಗುಡ್ಡದ ಮೇಲೆ ಕಾಯುತ್ತಿದ್ದಾಗ ಫೋನು ಬಂತು. ಲೀನಾ ಮೆಲ್ಲಗೆ ಕೇಳಿದಳು: ಮಾಮಾ ಈಗ ಎಲ್ಲಿದ್ದಾಳೆ? ಮಾಮಾ ಎಂದರೆ ಅವರಲ್ಲಿ ಅಮ್ಮ. ಪ್ರತಿ ಪದವೂ ಶರಾವತಿಗೆ ಅರ್ಥವಾಯಿತು. ಸಿನಿಮಾದಿಂದ ಹೆಕ್ಕಿದ ಮಾತುಗಳನ್ನು ಜೋಡಿಸಿ ಹೇಳಿದಳು: ಅದು ನಮ್ಮ ಹತ್ತಿರ ಇದೆ, ಅದು ನಿನ್ನನ್ನು ಪ್ರೀತಿಸುತ್ತದೆ.

ಆಚೆಯಿಂದ ಮಗು ಕಿರುಚಿತು: ನನ್ನ ಮಾಮಾ 'ಎಸ್' ಅಲ್ಲ! ಫೋನು ಕಟ್ಟಾಯಿತು.

'ಹುಡುಗಿ' ಎಂಬ ಪದಕ್ಕೆ 'ಎಸ್' ನಡೆದೀತು, ಅಮ್ಮನಿಗೆ 'ಎಸ್' ಎಂದರೆ ಜರ್ಮನ್ ಮಗುವಿಗೆ ಮಂಚ ಪುಸ್ತಕದಂತೆ ಕೇಳುತ್ತದೆ ಎಂದು ಮಾರ್ಟಿನ್ ಬರೆದ. ಸತ್ತ ಅಕ್ಕನನ್ನು ಅದರ ಮಗಳ ಎದುರೇ ಸಾಮಾನು ಮಾಡಿಬಿಟ್ಟೆನಲ್ಲ ಎಂದು ಶರಾವತಿ ಅಮ್ಮನ ಮುಂದೆ ಹಲುಬಿದಳು. ತನಗೆ ಬಂದ ಹರುಕು ಇಂಗ್ಲಿಷಿನಲ್ಲಿ ಉತ್ತರ ಬರೆದಳು: ನಮ್ಮ ಮನೆಯಲ್ಲಿ ನಮ್ಮವಳು ಎಂಬವಳಿಗೆಲ್ಲ 'ಅದು' ಎನ್ನುತ್ತೇವೆ, ಬೇಕಾದರೆ ನನ್ನನ್ನು ಬೈಯಿರಿ, ಫೋನು ಮಾತ್ರ ನಿಲ್ಲಿಸಬೇಡಿ. ಉತ್ತರ ಬರಲಿಲ್ಲ. ದಸರೆ ಕಳೆಯಿತು. ಭಾನುವಾರಗಳಲ್ಲಿ ಗುಡ್ಡ ಹತ್ತಿ ಸುಮ್ಮನೆ ಇಳಿದು ಬಂದಳು. ಡಿಸ್ಕುಗಳನ್ನು ಪೂರ್ಣೇಶನಿಗೆ ವಾಪಸು ಕೊಟ್ಟು, "ಇನ್ನು ಬೇಡ" ಎಂದಳು.

ಆಸೆ ಬಿಟ್ಟ ಮೇಲೊಂದು ಭಾನುವಾರ, ಅಮ್ಮನನ್ನು ಬಸ್ಸಿಗೆ ಹತ್ತಿಸಲು ಗುಡ್ಡದ ತಂಗುದಾಣಕ್ಕೆ ಹೋದಾಗ ಫೋನು ಹೊಡೆದುಕೊಂಡಿತು. ಮಾರ್ಟಿನ್. ನಿನ್ನ ಪತ್ರ ಓದಿದ ಮೇಲೆ ನೆನಪಾಯಿತು, ಶ್ರೀಗೌರಿಯೂ ಜರ್ಮನ್ ಕಲಿಯುವಾಗ ನಿನಗೂ ಅಮ್ಮನಿಗೂ 'ಎಸ್' ಎನ್ನುತ್ತಿದ್ದಳು, ನಾನು ನಗುತ್ತಿದ್ದೆ ಎಂದ. ಅವಳು ಹಾಗೆ ಮಾತಾಡಿದ ಹಳೆಯ ವಿಡಿಯೊ ಹುಡುಕಿ ಮಗಳಿಗೆ ಕೇಳಿಸಿದನಂತೆ.

ಅವನ ಹಿಂದಿನಿಂದ ಪುಟ್ಟ ದನಿ ಕೇಳಿತು. "ಇಸ್ಟ್ ಎಸ್ ದಾ?" ಅದು ಇದೆಯಾ?

"ಎಂತ ಹೇಳ್ತು ಕೂಸು?" ಎಂದು ಅಮ್ಮ ಸೆರಗು ಜಗ್ಗಿದಳು.

"ಎಂಗೆ 'ಅದು' ಹೇಳ್ತು ಅಮ್ಮಾ," ಎಂದಳು ಶರಾವತಿ, ತನ್ನನ್ನೇ ತೋರಿಸಿಕೊಳ್ಳುತ್ತ. ಬಸ್ಸು ಬಂದು ನಿಂತು, ಯಾರೂ ಹತ್ತದಿರುವುದನ್ನು ನೋಡಿ ಹೊರಟುಹೋಯಿತು.